ಬಿದ್ದ ಕೂಡಲೇ ನಿದ್ದೆ: ಒಬ್ಬ ಸಪ್ಲೈಯರ್ ಮರೆಯಲು ಶುರುಮಾಡಿದ ಪ್ರಕರಣ

ನಮ್ಮ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹಳೆಯ ಹೋಟೆಲ್ ಇದೆ. ಊರಿನ ಹೆಸರು ಬೇಡ, ಹೋಟೆಲಿನದ್ದೂ ಬೇಡ. ಅಲ್ಲಿ ಇಪ್ಪತ್ತಾರು ವರ್ಷದಿಂದ ಸಪ್ಲೈಯರ್ ಆಗಿರುವವರನ್ನು ಇಲ್ಲಿ ದೊಡ್ಡಣ್ಣ ಎಂದು ಕರೆಯುತ್ತೇನೆ. ಅದು ಅವರ ಹೆಸರೂ ಅಲ್ಲ, ಅಡ್ಡಹೆಸರೂ ಅಲ್ಲ. ವಯಸ್ಸು, ಮನೆಯ ವಿವರ, ಒಂದೆರಡು ತಿಂಗಳು ಹಿಂದೆಮುಂದೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಹೇಳಿದಾಗ ಅವರು ತಿದ್ದಿಸಿದ್ದು ಒಂದೇ ಜಾಗ: "ಡಾಕ್ಟ್ರೇ, ನಾನು ಟೇಬಲ್ ಎಡಗಡೆಯಿಂದ ಎಣಿಸೋದಲ್ಲ, ಗೋಡೆ ಕಡೆಯಿಂದ."

ಆ ಎಣಿಕೆಯಿಂದಲೇ ಶುರು ಮಾಡುತ್ತೇನೆ.

ದೊಡ್ಡಣ್ಣನ ಕೈಯಲ್ಲಿ ಪೆನ್ನು ನೋಡಿದವರಿಲ್ಲ. ಅವರ ಪಾಲಿಗೆ ಆರು ಟೇಬಲ್, ಒಂದೊಂದಕ್ಕೆ ನಾಲ್ಕು ಜನ. "ಎರಡು ಮಸಾಲೆ, ಒಂದಕ್ಕೆ ಈರುಳ್ಳಿ ಬೇಡ, ಒಂದು ಇಡ್ಲಿ ವಡೆ ಸಾಂಬಾರ್ ಬೇರೆ, ಒಂದು ಬೈಟು ಕಾಫಿ, ಮಗುವಿಗೆ ಬಿಸಿ ಹಾಲು" ಎಂದರೆ ತಲೆ ಅಲ್ಲಾಡಿಸಿ ಮುಂದಿನ ಟೇಬಲ್ಲಿಗೆ ಹೋಗುತ್ತಿದ್ದರು. ಮೂರು ಟೇಬಲ್ಲಿನ ಆರ್ಡರ್ ಒಟ್ಟಿಗೆ ತೆಗೆದುಕೊಂಡು, ಅಡುಗೆಮನೆಯ ಕಿಂಡಿಯ ಮುಂದೆ ನಿಂತು ರಾಗವಾಗಿ ಕೂಗುತ್ತಿದ್ದರು. ತಂದಿಡುವಾಗ ಯಾರದ್ದು ಯಾವುದು ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಗೋಡೆ ಕಡೆ ಕುಳಿತವರಿಂದ ಶುರುಮಾಡಿ ಸುತ್ತು ಬರುತ್ತಾರಂತೆ. ದೋಸೆಯ ಲೆಕ್ಕ ಒಂದು, ಕುಡಿಯುವುದರ ಲೆಕ್ಕ ಇನ್ನೊಂದು. ಈರುಳ್ಳಿ ಬೇಡ, ಸಕ್ಕರೆ ಬೇಡ ಎನ್ನುವ ತಕರಾರುಗಳನ್ನು ಮುಖಕ್ಕೆ ಅಂಟಿಸುತ್ತಾರೆ. ಕಿಂಡಿ ತಲುಪುವವರೆಗೂ ಬಾಯೊಳಗೇ ಗುನುಗುತ್ತಿರುತ್ತಾರೆ. ಮನಶ್ಶಾಸ್ತ್ರ ಓದಿದವರಿಗೆ ಇದು ಗುರುತು ಸಿಗುತ್ತದೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ವಿವರಿಸಿದ ಕೆಲಸದ ನೆನಪಿನಲ್ಲಿ (ವರ್ಕಿಂಗ್ ಮೆಮೊರಿ, ಅಂದರೆ ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಹಿಡಿದಿಡುವ ನೆನಪು) ಈ ಗುನುಗಿಗೇ ಒಂದು ಜಾಗ ಇದೆ. ಫೋನ್ ನಂಬರ್ ಕೇಳಿ, ಡಯಲ್ ಮಾಡುವವರೆಗೆ ನಾವು ಒಳಗೊಳಗೇ ಹೇಳಿಕೊಳ್ಳುತ್ತೇವಲ್ಲ, ಅದೇ. ಅಮೆರಿಕದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ 1980ರ ದಶಕದಲ್ಲಿ ಇಂಥದ್ದೇ ಒಬ್ಬ ವೇಟರ್‌ನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದ್ದರು. ಅವನನ್ನು ಜೆ.ಸಿ. ಎಂದಷ್ಟೇ ಕರೆದರು. ಬರೆದುಕೊಳ್ಳದೆ 20 ಜನರ ಊಟದ ಆರ್ಡರ್ ಹೇಳುತ್ತಿದ್ದ. ಅವನೂ ಬಗೆಬಗೆಯನ್ನು ಬೇರೆಬೇರೆ ಕಂತೆ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ನಮ್ಮ ದೊಡ್ಡಣ್ಣನನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಅಷ್ಟೇ.

ಕಂತೆ ಕಟ್ಟುವುದು ಏಕೆ ಬೇಕು? ಈ ತಾತ್ಕಾಲಿಕ ನೆನಪಿನ ಚೀಲ ಸಣ್ಣದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ, ಅದರಲ್ಲಿ ಹಿಡಿಯುವುದು ಏಳು ಸಂಗತಿ, ಎರಡು ಹೆಚ್ಚುಕಡಿಮೆ ಎಂದರು. 2001ರಲ್ಲಿ ನೆಲ್ಸನ್ ಕೋವನ್, ಗುನುಗುವುದಕ್ಕೂ ಕಂತೆ ಕಟ್ಟುವುದಕ್ಕೂ ಬಿಡದಿದ್ದರೆ ನಾಲ್ಕೇ ಎಂದರು. ಆರು ಟೇಬಲ್ಲಿಗೆ ನಾಲ್ಕು ಸಾಲುತ್ತದೆಯೇ? ಹಾಗಾಗಿ ದೊಡ್ಡಣ್ಣನ ಹೊಟ್ಟೆಪಾಡು ನಿಂತಿದ್ದೇ ಕಂತೆ ಮತ್ತು ಗುನುಗಿನ ಮೇಲೆ. ಎರಡಕ್ಕೂ ತಲೆ ಎಚ್ಚರವಾಗಿರಬೇಕು.

ತಪ್ಪಿದ್ದು ನನ್ನ ಕಾಫಿಯಲ್ಲ

ನಾನು ಅದೇ ರಸ್ತೆಯಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ಫಿಜಿಷಿಯನ್. ಒಂಬತ್ತು ವರ್ಷದಿಂದ ನನಗೆ ಅಲ್ಲಿ ಸಕ್ಕರೆ ಇಲ್ಲದ ಸ್ಟ್ರಾಂಗ್ ಕಾಫಿ ಬರುತ್ತದೆ, ಕೇಳುವುದೇ ಬೇಡ. ದಸರಾ ಸಮಯದಲ್ಲಿ ಇಬ್ಬರು ನೆಂಟರನ್ನು ಕರೆದುಕೊಂಡು ಹೋಗಿದ್ದೆ. ನನ್ನ ಕಾಫಿ ಸರಿಯಾಗಿ ಬಂತು. ಅವರು ಕೇಳಿದ್ದು ಸೆಟ್ ದೋಸೆ ಮತ್ತು ಬನ್ಸ್, ಬಂದದ್ದು ಎರಡು ಪೂರಿ. ಪಕ್ಕದ ಟೇಬಲ್ಲಿನವರು ಪೂರಿಗಾಗಿ ಕಾಯುತ್ತಿದ್ದರು. ನಕ್ಕು ಬಿಟ್ಟೆವು.

ಈ ಸಣ್ಣ ಸಂಗತಿಯಲ್ಲೇ ಇಡೀ ಪ್ರಕರಣದ ಬೀಗದ ಕೈ ಇತ್ತು. ಹಳೆಯದು ಸರಿ ಬಂತು, ಐದು ನಿಮಿಷದ ಹಿಂದಿನದು ತಪ್ಪಿತು. ನಾನು ಗಮನಿಸಲಿಲ್ಲ. ಹೋಟೆಲಿನಲ್ಲಿ ನಾನು ಗಿರಾಕಿ, ಡಾಕ್ಟರ್ ಅಲ್ಲ, ಅಲ್ವಾ.

ಮುಂದಿನ ತಿಂಗಳು ಅವರೇ ಕ್ಲಿನಿಕ್ಕಿಗೆ ಬಂದರು. ಹೆಂಡತಿ ಜೊತೆಗಿದ್ದರು. ಆರ್ಡರ್ ಮರೆಯುತ್ತಿದೆ, ಕಿಂಡಿಯ ಮುಂದೆ ನಿಂತರೆ ತಲೆ ಖಾಲಿ. ಎರಡು ಸಲ ವಾಪಸ್ ಹೋಗಿ ಗಿರಾಕಿಯನ್ನು ಕೇಳಬೇಕಾಯಿತು. ತಪ್ಪಿ ಮಾಡಿಸಿದ ದೋಸೆಯ ದುಡ್ಡು ಇವರ ಲೆಕ್ಕಕ್ಕೆ ಬರೆಯಲು ಶುರುವಾಗಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಕ್ಲೀನರ್ ಹುಡುಗನ ಮಾತು: "ದೊಡ್ಡಣ್ಣನಿಗೆ ಅರಳುಮರಳು." ಅವರಿಗೆ ಐವತ್ತೊಂದು. ಅವರ ತಾಯಿ ಕೊನೆಯ ಕಾಲದಲ್ಲಿ ಮಕ್ಕಳ ಗುರುತೇ ಹಿಡಿಯುತ್ತಿರಲಿಲ್ಲ. ತನಗೂ ಅದೇ ಬಂತು ಎಂಬ ಹೆದರಿಕೆ ಅವರ ಕಣ್ಣಲ್ಲಿತ್ತು. ನೆಂಟರೊಬ್ಬರು ಸೀದಾ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಎಂದಿದ್ದರಂತೆ. ಅಷ್ಟರಲ್ಲಿ ಬ್ರಾಹ್ಮಿ ಎಣ್ಣೆ, ನೆನೆಸಿದ ಬಾದಾಮಿ, ಯಾವುದೋ ಲೇಹ್ಯ ಎಲ್ಲ ಆಗಿತ್ತು.

ನಾನು ಕೇಳಿದ ತಪ್ಪು ಪ್ರಶ್ನೆ

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ ಎಂದೇ ಅಂದುಕೊಂಡಿದ್ದೆ. ತಲೆಗೆ ಪೆಟ್ಟು? ಇಲ್ಲ. ಕುಡಿತ? ಇಲ್ಲ. ಮಂಪರು ತರುವ ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್? ಇಲ್ಲ. ಮನಸ್ಸಿಗೆ ಬೇಜಾರು? "ಈ ಮರೆವಿನದ್ದೇ ಬೇಜಾರು." ದಾರಿ ತಪ್ಪುತ್ತದೆಯೇ, ದುಡ್ಡಿನ ಲೆಕ್ಕ ತಪ್ಪುತ್ತದೆಯೇ, ಪರಿಚಯದವರ ಹೆಸರು ಮರೆಯುತ್ತದೆಯೇ? ಯಾವುದೂ ಇಲ್ಲ. ಕೊನೆಗೆ ಕೇಳಿದೆ: "ನಿದ್ದೆ ಚೆನ್ನಾಗಿ ಬರುತ್ತಾ?"

"ನಿದ್ದೆಯದ್ದು ತೊಂದರೆಯೇ ಇಲ್ಲ ಡಾಕ್ಟ್ರೇ. ಬಿದ್ದ ಕೂಡಲೇ ಬರುತ್ತೆ."

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ದೊಡ್ಡಣ್ಣ ಅವರ ಕಡೆ ನೋಡಿದರು. ಅವರು ಸುಮ್ಮನಾದರು. ನಾನು ಕಾರ್ಡಿನಲ್ಲಿ "ನಿದ್ದೆ ಚೆನ್ನಾಗಿದೆ" ಎಂದು ಬರೆದೆ.

ಈ ಸಾಲು ನನಗೆ ಆರು ವಾರ ತಿಂದಿತು. ಸಾಕಷ್ಟು ನಿದ್ದೆ ಆದವರು ಸಾಮಾನ್ಯವಾಗಿ ಹಾಸಿಗೆಗೆ ಬಿದ್ದ ಕೂಡಲೇ ಮಲಗುವುದಿಲ್ಲ. ಸ್ವಲ್ಪ ಹೊತ್ತು ಹೊರಳಾಡುತ್ತಾರೆ, ನಾಳೆಯದು ಯೋಚಿಸುತ್ತಾರೆ, ಆಮೇಲೆ ಜಾರುತ್ತಾರೆ. ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ ಬರುತ್ತದೆ ಎಂದರೆ ಬಹಳ ಸಲ ನಿದ್ದೆಯ ಸಾಲ ಬೆಳೆದಿದೆ ಎಂದೇ ಅರ್ಥ. ಸ್ಟ್ಯಾನ್‌ಫರ್ಡ್‌ನಲ್ಲಿ 1970ರ ದಶಕದಲ್ಲಿ ಮೇರಿ ಕಾರ್ಸ್ಕಾಡನ್ ಮತ್ತು ವಿಲಿಯಂ ಡಿಮೆಂಟ್ ರೂಪಿಸಿದ ಒಂದು ಪರೀಕ್ಷೆಯ ತಳಹದಿಯೇ ಇದು. ಹಗಲಿನಲ್ಲಿ ನಾಲ್ಕೈದು ಸಲ ಮಲಗಿಸಿ, ಎಷ್ಟು ನಿಮಿಷಕ್ಕೆ ನಿದ್ದೆ ಬರುತ್ತದೆ ಎಂದು ಅಳೆಯುತ್ತಾರೆ. ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಗಲು ಮಂಪರು ಜಾಸ್ತಿ ಎಂದು ಲೆಕ್ಕ. ಇದನ್ನು ಓದಿಯೇ ಪಾಸಾದವನು ನಾನು. ಆದರೂ "ಬಿದ್ದ ಕೂಡಲೇ" ಎಂದಾಗ ಒಳ್ಳೆಯ ನಿದ್ದೆ ಎಂದೇ ಕಿವಿಗೆ ಬಿತ್ತು. ನಮ್ಮ ಮನೆಗಳಲ್ಲಿ ಅದು ಹೊಗಳಿಕೆಯ ಮಾತು ತಾನೇ.

ಅಂದು ಕ್ಲಿನಿಕ್ಕಿನಲ್ಲೇ ಸಣ್ಣ ಪರೀಕ್ಷೆ ಮಾಡಿದೆ. ಅಂಕಿಗಳನ್ನು ಒಂದೊಂದಾಗಿ ಹೇಳುವುದು, ಅವರು ಹಾಗೇ ತಿರುಗಿ ಹೇಳುವುದು. ಐದು ಅಂಕಿಯವರೆಗೆ ಬಂದರು. ಹಿಂದುಮುಂದಾಗಿ ಹೇಳಿ ಎಂದಾಗ ಮೂರಕ್ಕೆ ನಿಂತರು. ನೂರರಿಂದ ಏಳೇಳು ಕಳೆಯಿರಿ ಎಂದೆ. "93, 86, 79..." ಆಮೇಲೆ ಕಿಟಕಿ ನೋಡಿದರು. "ಎಲ್ಲಿದ್ದೆ ಡಾಕ್ಟ್ರೇ?" ದಿನಕ್ಕೆ ನೂರಾರು ಬಿಲ್ ಬಾಯಲ್ಲೇ ಕೂಡಿಸುವ ಮನುಷ್ಯ. ಲೆಕ್ಕ ಬರುತ್ತಿತ್ತು, ತಾನು ಲೆಕ್ಕ ಮಾಡುತ್ತಿದ್ದೇನೆ ಎಂಬುದೇ ಜಾರಿಹೋಗಿತ್ತು.

ಇದು ನನಗೆ ಆಮೇಲೆ ನೆನಪಾಯಿತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರ‍್ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ಹುಡುಗ 1963ರ ಕೊನೆಯಿಂದ 1964ರ ಶುರುವಿನವರೆಗೆ 11 ದಿನ ನಿದ್ದೆ ಬಿಟ್ಟಿದ್ದ, ಶಾಲೆಯ ವಿಜ್ಞಾನ ಪ್ರಯೋಗಕ್ಕೆಂದು. ಕೊನೆಯ ದಿನ ಅವನಿಗೂ ಇದೇ ಏಳೇಳು ಕಳೆಯುವ ಲೆಕ್ಕ ಕೊಟ್ಟರು. 65ಕ್ಕೆ ನಿಂತುಬಿಟ್ಟ. ಯಾಕೆ ನಿಲ್ಲಿಸಿದೆ ಎಂದರೆ, ಏನು ಮಾಡುತ್ತಿದ್ದೆ ಎಂಬುದೇ ಮರೆತುಹೋಯಿತು ಎಂದ. ದೊಡ್ಡಣ್ಣ 79ಕ್ಕೆ ನಿಂತಿದ್ದರು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ, ಸಕ್ಕರೆ ಸರಿ, ವಿಟಮಿನ್ ಬಿ12 ಕಡಿಮೆ. ಶುದ್ಧ ಸಸ್ಯಾಹಾರಿ. ಪಾದ ಜುಮುಗುಟ್ಟುವುದೂ ಇತ್ತು. ಬಿ12 ಕೊರತೆ ನೆನಪನ್ನು ಕೆಡಿಸಬಲ್ಲದು. ಸಿಕ್ಕಿತಲ್ಲ ಕಾರಣ ಎಂದು ಇಂಜೆಕ್ಷನ್ ಶುರುಮಾಡಿದೆ. ಕೊಟ್ಟದ್ದು ತಪ್ಪಲ್ಲ, ಕೊಡಲೇಬೇಕಿತ್ತು. ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದು ತಪ್ಪು. ಆರು ವಾರದಲ್ಲಿ ಪಾದದ ಜುಮು ಇಳಿಯಿತು. ಆರ್ಡರ್ ಮರೆಯುವುದು ಇಳಿಯಲಿಲ್ಲ.

ನಡುವೆ ಮಾಲೀಕರು ಪ್ಯಾಡು, ಪೆನ್ನು ಕೊಟ್ಟಿದ್ದರು. ಅದೂ ಕೈಕೊಟ್ಟಿತು. "ಎರಡು ಮಸಾಲೆ" ಎಂದು ಬರೆಯುತ್ತಿದ್ದರು, ಯಾವ ಟೇಬಲ್ ಎಂದು ಬರೆಯುತ್ತಿರಲಿಲ್ಲ. ಕೆಲವು ಸಲ ಬರೆದುಕೊಳ್ಳಬೇಕು ಎಂಬುದೇ ಮರೆಯುತ್ತಿತ್ತು. ಒಬ್ಬ ಗಿರಾಕಿ ಹೇಳುತ್ತಿರುವುದನ್ನು ಬರೆಯುವಷ್ಟರಲ್ಲಿ ಎರಡನೆಯವರು ಹೇಳಿದ್ದು ಕಿವಿಗೇ ಬೀಳುತ್ತಿರಲಿಲ್ಲ. ಮರೆವಿಗೆ ಪ್ಯಾಡು ಮದ್ದಾಗಬಹುದು, ಕೇಳಿಸಿಕೊಳ್ಳದೇ ಇರುವುದಕ್ಕೆ ಆಗುವುದಿಲ್ಲ. ಈ ವ್ಯತ್ಯಾಸ ಅಂದು ಹೊಳೆಯಲಿಲ್ಲ.

ಬಿಲ್ ಪುಸ್ತಕದ ಹಿಂಬದಿ

ಇಂಜೆಕ್ಷನ್ ಮುಗಿದ ಮೇಲೆ ನಾನು ದೊಡ್ಡಣ್ಣನ ಒಪ್ಪಿಗೆ ಪಡೆದು, ಗಲ್ಲಾದಲ್ಲಿ ಕೂರುವ ಹುಡುಗನಿಗೆ ಒಂದು ಕೆಲಸ ಹೇಳಿದೆ. ಎರಡು ವಾರ, ದೊಡ್ಡಣ್ಣನ ಆರ್ಡರ್ ತಪ್ಪಿದಾಗಲೆಲ್ಲ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀಟು ಹಾಕು. ವಾರ, ಗಂಟೆ, ಏನು ತಪ್ಪಿತು ಅಷ್ಟೇ. ಹುಡುಗ ಚುರುಕು. ಕ್ರಿಕೆಟ್ ಸ್ಕೋರ್ ಬರೆದಂತೆ ಬರೆದಿಟ್ಟ.

ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ಮೂರು ಸಂಗತಿ ಎದ್ದು ಕಂಡವು. ದಿನದ ಗಿರಾಕಿಗಳ ಕಾಯಂ ಆರ್ಡರ್ ಒಂದೂ ತಪ್ಪಿರಲಿಲ್ಲ. ತಪ್ಪಿದ್ದೆಲ್ಲ ಹೊಸಬರದ್ದು, ಇಲ್ಲವೇ ನಡುವೆ ಯಾರೋ "ಅಣ್ಣಾ, ನೀರು" ಎಂದು ಕೂಗಿದಾಗಿನದ್ದು. ಎರಡನೆಯದು, ಸಂಜೆ ಐದರ ಆಚೆಗೆ ಗೀಟು ಜಾಸ್ತಿ.

ಮೂರನೆಯದು ನನ್ನನ್ನು ಕೂರಿಸಿತು. ಭಾನುವಾರ ಆ ಹೋಟೆಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನಕ್ಕಿಂತ ಜನ ದುಪ್ಪಟ್ಟು. ತಪ್ಪು ಜಾಸ್ತಿ ಇರಬೇಕಾದ ದಿನ ಅದು. ಎರಡೂ ಭಾನುವಾರದಲ್ಲಿ ಸೇರಿ ಇದ್ದದ್ದು ಎರಡೇ ಗೀಟು. ಮಂಗಳವಾರ ಒಂದರಲ್ಲೇ ಏಳು.

ಮೆದುಳು ಸವೆಯುವ ಕಾಯಿಲೆಗೆ ಭಾನುವಾರದ ರಜೆ ಇರುವುದಿಲ್ಲ.

ಮುಂದಿನ ಭಾನುವಾರ ಸಂಜೆ ಬರಹೇಳಿದೆ. ಬೇರೆ ಅಂಕಿ ಹಿಡಿದು ಅದೇ ಪರೀಕ್ಷೆ. ಏಳು ಅಂಕಿ ಸರಾಗ. ಹಿಂದುಮುಂದಾಗಿ ಐದು. ಒಂದು ಸಲ ಮಾಡಿದ ಪರೀಕ್ಷೆ ಎರಡನೆಯ ಸಲ ಸ್ವಲ್ಪ ಸುಲಭವಾಗುತ್ತದೆ, ನಿಜ. ಆದರೆ ಇಷ್ಟೊಂದು ಅಲ್ಲ. ಆಮೇಲೆ ಕೇಳಿದೆ. ಈ ಸಲ ನಿದ್ದೆ ಹೇಗಿದೆ ಎಂದು ಕೇಳಲಿಲ್ಲ.

"ಅಣ್ಣ, ಶನಿವಾರ ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸಿದ್ರಿ?"

"ಒಂಬತ್ತೂವರೆ."

"ಶುಕ್ರವಾರ?"

ಉತ್ತರ ಬರಲಿಲ್ಲ. ಚಪ್ಪಲಿ ನೋಡುತ್ತ ಕುಳಿತರು. ನಾನು ಇನ್ನೊಂದು ಮಾತು ಸೇರಿಸಬೇಕಾಗಿತ್ತು, ಸೇರಿಸಿದೆ: "ಇಲ್ಲಿ ಹೇಳಿದ್ದು ಹೋಟೆಲಿಗೆ ಹೋಗುವುದಿಲ್ಲ. ನಾನು ಅಲ್ಲಿ ಕಾಫಿ ಕುಡಿಯುತ್ತೇನೆ ಅಷ್ಟೇ."

ಆಗ ಬಾಯಿಬಿಟ್ಟರು. ಮಳೆಗಾಲದಲ್ಲಿ ಮಗಳಿಗೆ ದೂರದ ಊರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು, ಹಾಸ್ಟೆಲ್ ಸೇರಿ ಸಂಬಳಕ್ಕೆ ಮೀರಿದ್ದು. ಹೊಸದಾಗಿ ಎದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಒಂಬತ್ತರಿಂದ ಒಂದರವರೆಗೆ ವಾಚ್‌ಮನ್ ಕೆಲಸ ಹಿಡಿದಿದ್ದರು. ಶನಿವಾರ ರಜೆ. ಹೋಟೆಲ್ ಮಾಲೀಕರಿಗೆ ಗೊತ್ತಿಲ್ಲ. ನನಗೆ ಹೇಳಿದರೆ ಕಾಫಿ ಕುಡಿಯುತ್ತ ನಾನು ಗಲ್ಲಾದಲ್ಲಿ ಬಾಯಿ ಬಿಟ್ಟರೆ ಎಂಬ ಭಯ. ರೋಗಿ ಸುಳ್ಳು ಹೇಳಿದ ಎಂದು ನಾವು ಡಾಕ್ಟರುಗಳು ಗೊಣಗುತ್ತೇವೆ. ಸಣ್ಣ ಊರಿನಲ್ಲಿ ಡಾಕ್ಟರೂ ಮಾಲೀಕರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ ಎಂಬುದು ಅವರಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ.

ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಮನೆಗೆ ಬರುವುದು ಒಂದೂಕಾಲು. ಏಳುವುದು ನಾಲ್ಕೂವರೆ, ಏಕೆಂದರೆ ಹೋಟೆಲ್ ಬಾಗಿಲು ಆರಕ್ಕೆ. ಮೂರು ಗಂಟೆ ಚಿಲ್ಲರೆ. ಮಧ್ಯಾಹ್ನ ಎರಡರಿಂದ ನಾಲ್ಕರ ಬಿಡುವಿನಲ್ಲಿ ಊಟ ಮಾಡಿ ಮುಕ್ಕಾಲು ಗಂಟೆ. ಒಟ್ಟು ನಾಲ್ಕು. ಐದು ತಿಂಗಳು, ವಾರಕ್ಕೆ ಆರು ದಿನ. ದೊಡ್ಡವರಿಗೆ ಏಳು ಗಂಟೆ ಅಥವಾ ಜಾಸ್ತಿ ಬೇಕು ಎಂಬುದು ನಿದ್ರಾತಜ್ಞರ ಒಮ್ಮತ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದೆಯೇ ಎಂದು ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಇರಲಿಲ್ಲ. ಆಕೆ ಹೇಳಿದ್ದು ಬೇರೆ: ಬೆಳಗ್ಗೆ ಹೋಟೆಲಿಗೆ ಹೋಗುವಾಗ ಮೊಪೆಡ್ ಎರಡು ಸಲ ಮೋರಿಗೆ ಇಳಿದಿತ್ತು. ರಸ್ತೆಯಲ್ಲಿ ನಾಯಿ ಅಡ್ಡ ಬಂತು ಎಂದು ಮನೆಯಲ್ಲಿ ಹೇಳಿದ್ದರಂತೆ.

ಚೀಲ ಹರಿದಿರಲಿಲ್ಲ

ಅವರಿಗೆ ಅರ್ಥವಾಗಬೇಕಿದ್ದುದು ಒಂದು ಸಂಗತಿ. ನಿದ್ದೆ ಇಲ್ಲದವರು ಮರೆಯುತ್ತಾರೆ ಎನ್ನುತ್ತೇವೆ. ಬಹಳ ಸಲ ಅವರು ಮರೆತಿರುವುದಿಲ್ಲ, ಮಾತು ಒಳಗೆ ಹೋಗಿಯೇ ಇರುವುದಿಲ್ಲ. ನಿದ್ದೆಗೆಟ್ಟ ಮೆದುಳು ಎಚ್ಚರವಾಗಿರುವಾಗಲೇ ಕ್ಷಣಕ್ಷಣಕ್ಕೆ ಕಣ್ಣು ಮಿಟುಕಿಸುತ್ತದೆ. ವೋಲ್ಟೇಜ್ ಇಲ್ಲದ ದಿನದ ಟ್ಯೂಬ್‌ಲೈಟ್ ಹಾಗೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಪರೀಕ್ಷೆ ಬಹಳ ಸಾದಾ. ಪರದೆಯ ಮೇಲೆ ಅಂಕಿ ಕಂಡಾಗ ಗುಂಡಿ ಒತ್ತಬೇಕು. ಅರ್ಧ ಸೆಕೆಂಡ್ ದಾಟಿದರೆ ಒಂದು ಲೋಪ. ನಿದ್ದೆ ಕಡಿಮೆಯಾದಷ್ಟೂ ಲೋಪ ಹೆಚ್ಚುತ್ತದೆ. ಅಂಥ ಒಂದು ಲೋಪ "ಈರುಳ್ಳಿ ಬೇಡ" ಎನ್ನುವ ಹೊತ್ತಿಗೇ ಬಿದ್ದರೆ? ಈರುಳ್ಳಿ ಹಾಕಿದ ದೋಸೆ ಬರುತ್ತದೆ. ಗುನುಗುತ್ತಿರುವಾಗ ಬಿದ್ದರೆ ಕಂತೆ ಬಿಚ್ಚಿಹೋಗುತ್ತದೆ. ಕಿಂಡಿಯ ಮುಂದೆ ತಲೆ ಖಾಲಿ ಎಂದರಲ್ಲ, ಅದು ಇದು. ಹಳೆಯ ಗಿರಾಕಿಗಳ ಕಾಫಿ ಬೇರೆ ಕಪಾಟಿನಲ್ಲಿದೆ. ಅದಕ್ಕೆ ಈ ಮಿಟುಕು ಅಷ್ಟಾಗಿ ತಟ್ಟುವುದಿಲ್ಲ.

"ಆದರೆ ನನಗೆ ನಿದ್ದೆ ತೂಗುವುದಿಲ್ಲವಲ್ಲ ಡಾಕ್ಟ್ರೇ? ಮೊದಲ ವಾರ ಕಷ್ಟವಾಯಿತು. ಆಮೇಲೆ ಒಗ್ಗಿಹೋಯಿತು."

ಒಗ್ಗಿಹೋಗುವುದು ನಿದ್ದೆಗೇಡಿನ ಅನುಭವ ಮಾತ್ರ. ಅಮೆರಿಕದಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಆರೋಗ್ಯವಂತರಿದ್ದರು. ಅವರಲ್ಲಿ ಕೆಲವರನ್ನು 14 ದಿನ ರಾತ್ರಿಗೆ 4, 6 ಅಥವಾ 8 ಗಂಟೆ ಮಾತ್ರ ಮಲಗಲು ಬಿಟ್ಟರು. ಆರು ಗಂಟೆಯವರೂ ಎರಡು ವಾರದ ಕೊನೆಗೆ ಇಡೀ ರಾತ್ರಿ ಜಾಗರಣೆ ಮಾಡಿದವರ ಮಟ್ಟಕ್ಕೆ ಇಳಿದಿದ್ದರು. ಗಮನ ಕುಸಿಯುತ್ತಲೇ ಹೋಯಿತು, ಕೆಲಸದ ನೆನಪೂ ಕುಸಿಯಿತು. "ನಿದ್ದೆ ಬರುತ್ತಿದೆಯೇ" ಎಂದು ಕೇಳಿದರೆ ಮಾತ್ರ ಮೊದಲ ಕೆಲವು ದಿನ ಬಿಟ್ಟು ಆಮೇಲೆ ಹೆಚ್ಚು ಏರಿಕೆ ಇಲ್ಲ. ಕೆಡುತ್ತಿರುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಇದನ್ನು ದೊಡ್ಡಣ್ಣನಿಗೆ ಹೇಳಿದೆ. ತಲೆಯಾಡಿಸಿದರು. ನಂಬಲಿಲ್ಲ ಎಂದು ಕಾಣುತ್ತಿತ್ತು.

ಕಾಫಿ ಎಷ್ಟು ಎಂದೆ. ಹೋಟೆಲಿನಲ್ಲಿ ಲೆಕ್ಕ ಎಲ್ಲಿಯದು? ಎಂಟೋ ಒಂಬತ್ತೋ. ಕೊನೆಯದು ರಾತ್ರಿ ವಾಚ್‌ಮನ್ ಕೆಲಸಕ್ಕೆ ಹೋಗುವ ಮೊದಲು. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ತುಂಬುತ್ತ ಹೋಗಿ ನಿದ್ದೆಗೆ ಎಳೆಯುತ್ತದೆ. ಕಾಫಿಯ ಕೆಫೀನ್ ಅದರ ಕುರ್ಚಿಯಲ್ಲಿ ತಾನು ಕುಳಿತುಬಿಡುತ್ತದೆ. ಸಾಲ ತೀರುವುದಿಲ್ಲ, ಸಾಲ ಕೊಟ್ಟವನು ಬಾಗಿಲು ಬಡಿಯುವುದು ಕೇಳಿಸುವುದಿಲ್ಲ, ಅಷ್ಟೇ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಇದ್ದ ಮೂರು ಗಂಟೆಯ ನಿದ್ದೆಯನ್ನೂ ಅದು ತೆಳು ಮಾಡುತ್ತಿತ್ತು.

ಲೆಕ್ಕ ಯಾರ ಹತ್ತಿರ?

"ಚೆನ್ನಾಗಿ ನಿದ್ದೆ ಮಾಡಿ" ಎಂದು ಚೀಟಿ ಬರೆದುಕೊಡುವುದು ಸುಲಭ. ಇವರಿಗೆ ನಿದ್ದೆ ಬಾರದ ತೊಂದರೆಯಲ್ಲ, ದುಡ್ಡು ಸಾಲದ ತೊಂದರೆ. ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ವಾಚ್‌ಮನ್ ಕೆಲಸ ಬಿಟ್ಟರೆ ಹಾಸ್ಟೆಲ್ ಫೀಸು ನಿಲ್ಲುತ್ತದೆ. ಹೋಟೆಲ್ ಬಿಡುವ ಮಾತೇ ಇಲ್ಲ.

ಮೊದಲು ನಡುದಾರಿ ನೋಡಿದೆವು. ಮಧ್ಯಾಹ್ನ ಮನೆಗೆ ಹೋಗದೆ ಹೋಟೆಲಿನ ಮಹಡಿಯಲ್ಲೇ ಮಲಗಿ ಒಂದೂವರೆ ಗಂಟೆ ನಿದ್ದೆ, ಮಧ್ಯಾಹ್ನ ಎರಡರ ನಂತರ ಕಾಫಿ ಬಂದ್. ಮೂರು ವಾರ ಹಾಗೆ ನಡೆಯಿತು. ಸಂಜೆಯ ಗೀಟು ಸ್ವಲ್ಪ ಇಳಿಯಿತು. ಬೆಳಗಿನದು ಹಾಗೇ ಇತ್ತು. ಗುಂಡಿಯಿಂದ ಚೊಂಬಿನಲ್ಲಿ ನೀರು ಎತ್ತಿದಂತೆ.

ಉಳಿದದ್ದು ಮಾಲೀಕರಿಗೆ ಹೇಳುವುದು. ನಾನು ಹೇಳುವ ಹಾಗಿರಲಿಲ್ಲ. ದೊಡ್ಡಣ್ಣ ಹೇಳಲು ಸಿದ್ಧರಿರಲಿಲ್ಲ. ಇನ್ನೊಂದು ಹತ್ತು ದಿನ ಹೋಯಿತು. ಒಪ್ಪಿಸಿದ್ದು ನನ್ನ ವ್ಯಾನ್ ಡಾಂಗೆನ್ ಅಲ್ಲ, ಆ ಬಿಲ್ ಪುಸ್ತಕ. ಅದನ್ನು ಅವರ ಕೈಗೇ ಕೊಟ್ಟಿದ್ದೆ. ಒಂದು ದಿನ ಭಾನುವಾರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರಂತೆ. "ಅರಳುಮರಳು ಅಲ್ಲ ಅಂತ ಇದರಲ್ಲೇ ಇದೆಯಲ್ಲ" ಎಂದು ಹೆಂಡತಿಗೆ ಹೇಳಿದರಂತೆ. ಮರುದಿನ ಗಲ್ಲಾದ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು.

ಮಾಲೀಕರು ಮೊದಲು ಸಿಟ್ಟಾದರು. ರಾತ್ರಿ ಬೇರೆಯವರ ಗೇಟು ಕಾದು, ಬೆಳಗ್ಗೆ ಇಲ್ಲಿ ತೂಕಡಿಸುವುದು ಯಾವ ನ್ಯಾಯ ಎಂದರು. ಅರ್ಧ ದಿನ ಮಾತಿಲ್ಲ. ಸಂಜೆ ಕರೆದು, "ನನ್ನ ಹತ್ತಿರ ಕೇಳಬಹುದಿತ್ತಲ್ಲ ಮಾರಾಯ" ಎಂದರು. ಫೀಸಿನ ಒಂದು ಭಾಗ ಮುಂಗಡ, ಸಂಬಳದಲ್ಲಿ ತಿಂಗಳು ತಿಂಗಳು ಮುರಿಯುವುದು. ಬೆಳಗ್ಗೆ ಬಾಗಿಲು ತೆರೆಯುವ ಪಾಳಿ ಇನ್ನೊಬ್ಬರಿಗೆ, ದೊಡ್ಡಣ್ಣ ಏಳಕ್ಕೆ ಬಂದರೆ ಸಾಕು. ಉಳಿದ ಭಾಗಕ್ಕೆ ಮಗಳು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದಳು. ಎಲ್ಲ ಮುಂಗಡವೂ ಹೀಗೆ ಸಿಗುವುದಿಲ್ಲ. ಇಪ್ಪತ್ತಾರು ವರ್ಷದ ದುಡಿಮೆಗೆ ಆ ಮಟ್ಟಿಗೆ ಬೆಲೆ ಇತ್ತು.

ವಾಚ್‌ಮನ್ ಕೆಲಸ ಬಿಟ್ಟ ಮೊದಲ ವಾರ ಅವರು ನನ್ನ ಮೇಲೆ ಬೇಸರ ಮಾಡಿಕೊಂಡರು. ಎಂಟು ಗಂಟೆ ಮಲಗಿದರೂ ಮಂಕು, ಮೈ ಭಾರ, ಆರ್ಡರ್ ಹಾಗೇ ತಪ್ಪುತ್ತಿತ್ತು. ಇದು ನಾನು ಮೊದಲೇ ಹೇಳಿಡಬೇಕಾಗಿದ್ದ ಮಾತು. ಗ್ರೆಗರಿ ಬೆಲೆಂಕಿ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದರು: ಒಂದು ವಾರ ನಿದ್ದೆ ಕಡಿಮೆ ಮಾಡಿದವರು ಮೂರು ರಾತ್ರಿ 8 ಗಂಟೆ ಮಲಗಿದರೂ ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಇವರದ್ದು ವಾರವಲ್ಲ, ತಿಂಗಳುಗಳು. ಒಂದು ಭಾನುವಾರದ ಮಟ್ಟಿಗೆ ಮೇಲೆದ್ದು ಬರುವುದು ಬೇರೆ, ಪೂರ್ತಿ ಚೇತರಿಸುವುದು ಬೇರೆ. ಮೂರನೆಯ ವಾರದ ಹೊತ್ತಿಗೆ ಗೀಟುಗಳು ದಿನಕ್ಕೆ ಒಂದು, ಕೆಲವು ದಿನ ಸೊನ್ನೆ. ಕಿಂಡಿಯ ಮುಂದೆ ರಾಗ ಮರಳಿ ಬಂತು. ಪಾರ್ಸಲ್ ಆರ್ಡರಿಗೆ ಮಾತ್ರ ಪ್ಯಾಡು ಉಳಿಸಿಕೊಂಡರು. ಐವತ್ತೊಂದಕ್ಕೆ ಅಷ್ಟು ರಿಯಾಯಿತಿ ಬೇಡವೇ.

ಮತ್ತೆ ಐದು ರಾತ್ರಿ

ಇಲ್ಲಿಗೆ ಮುಗಿದಿದ್ದರೆ ನನಗೇ ಅನುಮಾನ ಉಳಿಯುತ್ತಿತ್ತು. ಬಿ12 ತಡವಾಗಿ ಕೆಲಸ ಮಾಡಿತೋ, ಫೀಸಿನ ಚಿಂತೆ ಕಳೆದದ್ದಕ್ಕೆ ಸರಿಹೋಯಿತೋ, ಯಾರು ಹೇಳಬೇಕು? ಮದುವೆ ಸೀಸನ್ ಉತ್ತರ ಕೊಟ್ಟಿತು. ಅವರು ಮೊದಲು ಕಾಯುತ್ತಿದ್ದ ಅಪಾರ್ಟ್‌ಮೆಂಟಿನ ಈಗಿನ ವಾಚ್‌ಮನ್ ಊರಿಗೆ ಹೋದ. ಐದು ರಾತ್ರಿ ಮಟ್ಟಿಗೆ ಬನ್ನಿ ಎಂದು ಕರೆದರು. ದೊಡ್ಡಣ್ಣ ಹೋದರು, ನನ್ನನ್ನು ಕೇಳಲಿಲ್ಲ. ಗಲ್ಲಾದ ಹುಡುಗ ಅಭ್ಯಾಸಬಲದಿಂದ ಗೀಟು ಹಾಕುತ್ತಲೇ ಇದ್ದ.

ಎರಡನೆಯ ದಿನದವರೆಗೆ ಏನೂ ಇಲ್ಲ. ಮೂರನೆಯ ದಿನ ನಾಲ್ಕು ಗೀಟು. ಐದನೆಯ ದಿನ ಆರು. ಆ ಐದನೆಯ ದಿನ ಸಂಜೆ ನಾನು ಅಲ್ಲೇ ಇದ್ದೆ. ಹೇಗಿದ್ದೀರಿ ಎಂದರೆ, "ಏನೂ ತೊಂದರೆ ಇಲ್ಲ ಡಾಕ್ಟ್ರೇ, ಆರಾಮ" ಎಂದರು. ಸುಳ್ಳಲ್ಲ, ಅವರಿಗೆ ಹಾಗೇ ಅನಿಸುತ್ತಿತ್ತು. ಅಷ್ಟರಲ್ಲಿ ಹುಡುಗ ಗಲ್ಲಾದಿಂದ ಪುಸ್ತಕ ಎತ್ತಿ ತೋರಿಸಿದ. ದೊಡ್ಡಣ್ಣ ಎಣಿಸಿದರು. ಬೆರಳಿಟ್ಟು ಇನ್ನೊಮ್ಮೆ ಎಣಿಸಿದರು. "ನನಗೆ ಎರಡೇ ಗೊತ್ತು" ಎಂದರು.

ಉಳಿದ ನಾಲ್ಕು ತಪ್ಪು ತಮ್ಮಿಂದಾದದ್ದೇ ಅವರಿಗೆ ಗೊತ್ತಿರಲಿಲ್ಲ. ನಾನು ಗಂಟೆಗಟ್ಟಲೆ ಹೇಳಿ ನಂಬಿಸಲಾಗದ್ದು ಆ ಪುಸ್ತಕದಲ್ಲಿತ್ತು.

ಅದಾದ ಮೇಲೆ ನಾನು ಕ್ಲಿನಿಕ್ಕಿನ ಕಾರ್ಡಿನಲ್ಲಿ "ನಿದ್ದೆ ಹೇಗಿದೆ" ಎಂಬ ಸಾಲು ಹೊಡೆದುಹಾಕಿಸಿದೆ. ಅದರ ಜಾಗದಲ್ಲಿ ಈಗ ಎರಡು ಖಾಲಿ ಜಾಗ ಇವೆ: ನಿನ್ನೆ ಮಲಗಿದ ಗಂಟೆ, ಇಂದು ಎದ್ದ ಗಂಟೆ. ಮರೆವು ಎಂದು ಬಂದವರಲ್ಲಿ ಈ ಎರಡು ಅಂಕಿ ಎಷ್ಟೋ ಸಲ ರಕ್ತ ಪರೀಕ್ಷೆಗಿಂತ ಮೊದಲು ಮಾತಾಡುತ್ತವೆ. ಬಿ12 ನೋಡುವುದನ್ನೂ ಬಿಟ್ಟಿಲ್ಲ.

ಕಳೆದ ವಾರ ಕಾಫಿ ತಂದಿಟ್ಟು ದೊಡ್ಡಣ್ಣ ಪಕ್ಕದಲ್ಲೇ ನಿಂತರು. ಮಗಳ ಎರಡನೆಯ ವರ್ಷದ ಫೀಸು ಹತ್ತಿರ ಬರುತ್ತಿದೆ.

"ಡಾಕ್ಟ್ರೇ, ವಾರಕ್ಕೆ ಒಂದೇ ರಾತ್ರಿ ಹೋದರೆ ಹೇಗೆ?"

"ಯಾವ ರಾತ್ರಿ?"

"ಶನಿವಾರ. ಆ ದಿನಕ್ಕೇ ಅವರಿಗೆ ಜನ ಸಿಗುತ್ತಿಲ್ಲ."

"ಭಾನುವಾರ ಇಲ್ಲಿ ಎಷ್ಟು ಟೇಬಲ್?"

ಅವರು ಉತ್ತರಿಸಲಿಲ್ಲ. ಗೋಡೆ ಕಡೆಯಿಂದ ಟೇಬಲ್ಲುಗಳನ್ನು ಒಮ್ಮೆ ನೋಡಿಕೊಂಡು ಬಂದರು. ಅಷ್ಟರಲ್ಲಿ ಮೂಲೆಯಿಂದ ಯಾರೋ "ಅಣ್ಣಾ, ನೀರು" ಎಂದರು.